ಅಲ್ಲೀಗ ಎಷ್ಟು ಗಂಟೆ?

ತೊಂಬತ್ತರ ದಶಕದ ಕೊನೆಯ ಮಾತು. ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯ ನಮ್ಮ ಮನೆಯಲ್ಲಿ ಗಡಿಯಾರಗಳಿಗೆ ಬರವಿರಲಿಲ್ಲ. ಮೈಕ್ರೋವೇವ್ ಒಲೆಯ ಮೇಲೊಂದು, ಟಿವಿ ಕೆಳಗಿನ ವಿಸಿಆರ್‌ನಲ್ಲೊಂದು, ಮಲಗುವ ಕೋಣೆಯ ಅಲಾರಂ, ಕಾರಿನದು, ನನ್ನ ಕೈಯದು, ಹೆಂಡತಿಯ ಕೈಯದು. ಒಂದು ಹೇಳಿದ್ದನ್ನು ಇನ್ನೊಂದು ಒಪ್ಪುತ್ತಿರಲಿಲ್ಲ. ಕರೆಂಟು ಹೋಗಿ ಬಂತೆಂದರೆ ಅರ್ಧದಷ್ಟು ಗಡಿಯಾರಗಳು ಹನ್ನೆರಡು ಗಂಟೆ ಎಂದು ಮಿಟುಕಿಸುತ್ತ ಕೂರುತ್ತಿದ್ದವು. ನನಗೆ ಇದು ಒಂದು ಥರದ ತುರಿಕೆ. ಮನೆಯೆಲ್ಲ ಸುತ್ತಿ ಒಂದೊಂದನ್ನೇ ತಿದ್ದುತ್ತಿದ್ದೆ. "ಎರಡು ನಿಮಿಷ ಹೆಚ್ಚುಕಡಿಮೆ ಆದ್ರೆ ಯಾರ ಗಂಟು ಹೋಗತ್ತೆ?" ಎನ್ನುತ್ತಿದ್ದಳು ಹೆಂಡತಿ. ಅನ್ನ ಬೇಯುವುದಕ್ಕೂ ಮಗಳ ಸ್ಕೂಲ್ ಬಸ್ಸಿಗೂ ಅವಳ ಮಾತು ಸರಿ. ಆದರೆ ಗ್ಯಾರೇಜಿನ ಮೂಲೆಯಲ್ಲಿ ನಾನು ಕಟ್ಟಿಟ್ಟಿದ್ದ ಒಂದು ಯಂತ್ರವಿತ್ತು. ಅದರ ಪಾಲಿಗೆ ಒಂದು ಸೆಕೆಂಡ್ ಎಂದರೆ ಆರು ಕಿಲೋಮೀಟರ್.

ಅದು ಭೂಕಂಪ ದಾಖಲಿಸುವ ಯಂತ್ರ. 1989ರ ಅಕ್ಟೋಬರ್ 17ರ ಸಂಜೆ ಐದು ಗಂಟೆ ನಾಲ್ಕು ನಿಮಿಷಕ್ಕೆ ಲೋಮಾ ಪ್ರಿಯೆಟಾ ಬೆಟ್ಟದ ಹತ್ತಿರ ನೆಲ ಸರಿದು ಈ ಕಣಿವೆಯನ್ನೆಲ್ಲ ಅಲ್ಲಾಡಿಸಿದಾಗ ನಾವು ಈ ದೇಶಕ್ಕೆ ಹೊಸಬರು. ಓಕ್ಲೆಂಡ್ ಮತ್ತು ಸ್ಯಾನ್ ಫ್ರಾನ್ಸಿಸ್ಕೊ ತಂಡಗಳ ಬೇಸ್‌ಬಾಲ್ ಪಂದ್ಯ ಇನ್ನೇನು ಶುರುವಾಗಬೇಕೆಂದು ಊರೆಲ್ಲ ಟಿವಿ ಮುಂದೆ ಕೂತಿತ್ತು. ಕಪಾಟಿನ ಸ್ಟೀಲ್ ಡಬ್ಬಿಗಳೆಲ್ಲ ನೆಲಕ್ಕೆ ಬಿದ್ದು, ಅಡುಗೆಮನೆ ತುಂಬ ಊರಿಂದ ತಂದ ಸಾರಿನ ಪುಡಿ ಚೆಲ್ಲಿತ್ತು. ಮಲೆನಾಡಿನಲ್ಲಿ ಹುಟ್ಟಿದ ನಮಗೆ ಮಳೆ ಗೊತ್ತು, ನೆರೆ ಗೊತ್ತು, ಧರೆ ಕುಸಿಯುವುದು ಗೊತ್ತು. ಕಾಲ ಕೆಳಗಿನ ನೆಲ ನೀರಿನ ಹಾಗೆ ಅಲೆಯೇಳುವುದು ಗೊತ್ತಿರಲಿಲ್ಲ. ಆ ಸಂಜೆ ಹಿಡಿದ ಹೆದರಿಕೆ ಎಷ್ಟೋ ದಿನ ಬಿಡಲಿಲ್ಲ. ಆಮೇಲೆ ಅದೇ ಹೆದರಿಕೆ ಕುತೂಹಲವಾಯಿತು.

1979ರ ಜುಲೈ ತಿಂಗಳ ಸೈಂಟಿಫಿಕ್ ಅಮೆರಿಕನ್‌ನಲ್ಲಿ ಮನೆಯಲ್ಲೇ ಮಾಡಿಕೊಳ್ಳಬಹುದಾದ ಭೂಕಂಪಮಾಪಕವೊಂದರ ವಿವರ ಬಂದಿತ್ತು. ಹವ್ಯಾಸಿಗಳು ಅದನ್ನು ಲೇಮನ್ ಲೋಲಕ ಎನ್ನುತ್ತಾರೆ. ಒಂದು ಕಬ್ಬಿಣದ ಚೌಕಟ್ಟು. ಅದರ ಕಂಬಕ್ಕೆ ಚೂಪು ತುದಿಯನ್ನು ಊರಿ ಅಡ್ಡಡ್ಡ ನಿಂತ ಒಂದು ಸರಳು. ಸರಳಿನ ಆಚೆ ತುದಿಗೆ ಸೀಸದ ತೂಕ. ತೂಕ ಜೋಲದಂತೆ ಮೇಲಿನಿಂದ ಒಂದು ತಂತಿ. ಸರಳಿನ ಕೊನೆಯಲ್ಲಿ ಅಯಸ್ಕಾಂತ, ಅದಕ್ಕೆ ಎದುರಾಗಿ ತಾಮ್ರದ ಸುರುಳಿ. ನೆಲ ಅಲುಗಿದರೂ ತೂಕ ತಾನಿದ್ದಲ್ಲೇ ಇರಲು ನೋಡುತ್ತದೆ, ಸುರುಳಿಯಲ್ಲಿ ಸಣ್ಣ ವಿದ್ಯುತ್ ಹುಟ್ಟುತ್ತದೆ. ಚೌಕಟ್ಟಿನ ಕಾಲಿನ ತಿರುಪನ್ನು ಕೂದಲೆಳೆಯಷ್ಟು ತಿರುಗಿಸಿ ವಾಲಿಸಿದರೆ ಸರಳು ಒಮ್ಮೆ ಆಚೆ ಹೋಗಿ ಈಚೆ ಬರಲು ಹದಿನೈದು ಇಪ್ಪತ್ತು ಸೆಕೆಂಡ್ ತೆಗೆದುಕೊಳ್ಳುವಷ್ಟು ನಿಧಾನವಾಗುತ್ತದೆ. ದೂರದ ಭೂಕಂಪಗಳ ಅಲೆಗಳೂ ಇದೇ ನಿಧಾನದವು. ಗ್ಯಾರೇಜಿನ ಗಾಳಿ ತಾಗದಂತೆ ಇಷ್ಟಕ್ಕೂ ಒಂದು ಪ್ಲೈವುಡ್ ಪೆಟ್ಟಿಗೆ ಮುಚ್ಚಿದ್ದೆ. ಬೀದಿಯಲ್ಲಿ ಕಸದ ಲಾರಿ ಬಂದರೆ ಗೆರೆ ದಪ್ಪವಾಗುತ್ತಿತ್ತು. ಪೆಸಿಫಿಕ್ ಸಾಗರದಲ್ಲಿ ಬಿರುಗಾಳಿ ಎದ್ದರೆ ಇಡೀ ದಿನ ಗೆರೆ ಸಣ್ಣಗೆ ನಡುಗುತ್ತಿತ್ತು.

ಹಿಂದಿನವರು ಇಂಥ ಗೆರೆಯನ್ನು ತಿರುಗುವ ಉರುಳೆಯ ಕಾಗದದ ಮೇಲೆ ಬರೆಸುತ್ತಿದ್ದರು. ನಾನು ಹಳೆಯ 386 ಕಂಪ್ಯೂಟರ್ ಒಂದಕ್ಕೆ ಕಾರ್ಡು ಹಾಕಿ, ಡಾಸ್ ಪ್ರೋಗ್ರಾಮಿನಿಂದ ಹಾರ್ಡ್ ಡಿಸ್ಕಿಗೆ ಬರೆಸುತ್ತಿದ್ದೆ. ಲೋಲಕ ಚೆನ್ನಾಗಿತ್ತು, ಕಾರ್ಡು ಚೆನ್ನಾಗಿತ್ತು. ಕೈಕೊಡುತ್ತಿದ್ದದ್ದು ಕಂಪ್ಯೂಟರಿನ ಗಡಿಯಾರ.

ಕಂಪ್ಯೂಟರಿನೊಳಗೆ ಎರಡು ಗಡಿಯಾರಗಳಿರುತ್ತವೆ. ಒಂದು ನಾಣ್ಯದಂಥ ಬ್ಯಾಟರಿಯ ಮೇಲೆ ನಡೆಯುವ, ಯಂತ್ರ ಆರಿಸಿದರೂ ಆರದ ಗಡಿಯಾರ. ಅದರ ಜೀವ ಸೆಕೆಂಡಿಗೆ 32,768 ಸಲ ಕಂಪಿಸುವ ಒಂದು ಸಣ್ಣ ಸ್ಫಟಿಕದಲ್ಲಿದೆ. ಈ ಸಂಖ್ಯೆಯನ್ನು ಎರಡರಿಂದ ಭಾಗಿಸುತ್ತ ಭಾಗಿಸುತ್ತ ಹದಿನೈದನೆಯ ಸಲಕ್ಕೆ ಸರಿಯಾಗಿ ಒಂದು ಬರುತ್ತದೆ. ಕೈಗಡಿಯಾರಗಳಲ್ಲೂ ಇದೇ ಹರಳು. ಇನ್ನೊಂದು ಡಾಸ್ ತನ್ನ ಎಣಿಕೆಗೆ ಬಳಸುವುದು, ಸೆಕೆಂಡಿಗೆ 18.2 ಸಲ ಮಾತ್ರ ಹೆಜ್ಜೆ ಹಾಕುವಂಥದು. ಒಂದು ಹೆಜ್ಜೆಗೂ ಇನ್ನೊಂದಕ್ಕೂ ನಡುವೆ 55 ಮಿಲಿಸೆಕೆಂಡ್. ಹರಳುಗಳು ಮಾಮೂಲಿಯವು. ಹತ್ತು ಲಕ್ಷದಲ್ಲಿ ಇಪ್ಪತ್ತು ಭಾಗ ತಪ್ಪಿದರೂ ದಿನದ 86,400 ಸೆಕೆಂಡಿಗೆ ಒಂದೂ ಮುಕ್ಕಾಲು ಸೆಕೆಂಡ್ ತಪ್ಪುತ್ತದೆ. ಸಾಲದ್ದಕ್ಕೆ ಹರಳಿಗೆ ಚಳಿ ಸೆಕೆಗಳೂ ತಾಗುತ್ತವೆ. ಮಧ್ಯಾಹ್ನ ಕಾದು ರಾತ್ರಿ ತಣ್ಣಗಾಗುವ ಗ್ಯಾರೇಜಿನಲ್ಲಿ ನನ್ನ ಗಡಿಯಾರ ಒಂದೇ ಥರ ತಪ್ಪುತ್ತಲೂ ಇರಲಿಲ್ಲ. ದಿನಾ ಇಷ್ಟೇ ಹಿಂದೆ ಬೀಳುತ್ತದೆ ಎಂದು ಗೊತ್ತಿದ್ದರೆ ಕೂಡಿಸಿಕೊಳ್ಳಬಹುದು. ಇದರ ಲೆಕ್ಕ ಬೇಸಿಗೆಗೊಂದು ಚಳಿಗಾಲಕ್ಕೊಂದು.

ನಾನೊಬ್ಬನೇ ನನ್ನ ಗೆರೆಯನ್ನು ನೋಡುತ್ತ ಕೂರುವುದಾದರೆ ಈ ತಪ್ಪಿನಿಂದ ಏನೂ ಕೆಡುವುದಿಲ್ಲ. ಭೂಕಂಪದಿಂದ ಮೊದಲು ಪಿ ಅಲೆ ಬರುತ್ತದೆ, ಆಮೇಲೆ ಎಸ್ ಅಲೆ. ಹತ್ತಿರದ ಭೂಕಂಪವಾದರೆ ಎರಡರ ನಡುವಿನ ಸೆಕೆಂಡುಗಳನ್ನು ಎಂಟರಿಂದ ಗುಣಿಸಿ: ಅಷ್ಟು ಕಿಲೋಮೀಟರ್ ದೂರ. ಗಡಿಯಾರ ನಾಲ್ಕು ನಿಮಿಷ ತಪ್ಪಿದ್ದರೂ ಈ ವ್ಯತ್ಯಾಸ ಕೆಡದು. ಆದರೆ ದೂರ ಗೊತ್ತಾದರೆ ದಿಕ್ಕು ಗೊತ್ತಾದಂತಲ್ಲ. ಎಲ್ಲಿ ಎಂದು ಹೇಳಲು ಇನ್ನೂ ಕನಿಷ್ಠ ಎರಡು ಕಡೆಯ ದಾಖಲೆ ಬೇಕು. ಹೇವರ್ಡ್ ಬಿರುಕಿನ ಆಚೆ ಒಬ್ಬರು, ಸಾಂತಾ ಕ್ರೂಜ್ ಬೆಟ್ಟದಲ್ಲಿ ಒಬ್ಬರು, ಹೀಗೆ ನಮ್ಮಂಥ ಹವ್ಯಾಸಿಗಳು ಸುತ್ತಮುತ್ತ ಇದ್ದರು. ಅಲೆ ನಮ್ಮ ಮನೆಗೆ ಎಷ್ಟು ಹೊತ್ತಿಗೆ ಬಂತು, ಅವರ ಮನೆಗೆ ಎಷ್ಟು ಹೊತ್ತಿಗೆ ಬಂತು ಎಂದು ಜೋಡಿಸಿ ನೋಡಬೇಕು. ಪಿ ಅಲೆ ಮೇಲ್ಪದರದ ಬಂಡೆಯಲ್ಲಿ ಸೆಕೆಂಡಿಗೆ ಆರು ಕಿಲೋಮೀಟರ್ ಓಡುತ್ತದೆ. ನನ್ನ ಗಡಿಯಾರ ಒಂದು ಸೆಕೆಂಡ್ ತಪ್ಪಿದರೆ ನಾನು ಗೆಳೆಯರನ್ನೆಲ್ಲ ಆರು ಕಿಲೋಮೀಟರ್ ದಾರಿ ತಪ್ಪಿಸಿದಂತೆ. ನಮ್ಮಲ್ಲಿ ಗೌರಿಬಿದನೂರಿನ ಬಂಡೆಗಳ ನಡುವೆ 1965ರಲ್ಲಿ ಎಲ್ ಆಕಾರದಲ್ಲಿ ಇಪ್ಪತ್ತು ಕಂಪನಮಾಪಕಗಳನ್ನು ಹೂಳಿದರಲ್ಲ, ಅದರ ಬಲವೂ ಇದರಲ್ಲೇ ಇದೆ. ಇಪ್ಪತ್ತಕ್ಕೂ ಒಂದೇ ಗಡಿಯಾರ. ಯಾವುದಕ್ಕೆ ಮೊದಲು ತಟ್ಟಿತು, ಯಾವುದಕ್ಕೆ ಆಮೇಲೆ ಎಂಬ ಸಣ್ಣ ಅಂತರದಿಂದಲೇ ಅಲೆ ಬಂದ ದಿಕ್ಕು ತಿಳಿಯುತ್ತದೆ.

ಗಡಿಯಾರವೆಂದಾಗ ನೆನಪಾಗುವುದು ಚಿಕ್ಕಂದಿನಲ್ಲಿ ತೀರ್ಥಹಳ್ಳಿ ಕಡೆಯ ಒಂದು ಮದುವೆಮನೆಯಲ್ಲಿ ನೋಡಿದ ಗಳಿಗೆ ಬಟ್ಟಲು. ತೆಳು ತಾಮ್ರದ್ದು, ಅಂಗೈಯಷ್ಟು, ತಳದಲ್ಲಿ ಸೂಜಿ ಹೋಗುವಷ್ಟು ತೂತು. ನೀರು ತುಂಬಿದ ಹಂಡೆಯಲ್ಲಿ ತೇಲಬಿಟ್ಟರೆ ತೂತಿನಿಂದ ನೀರು ಏರುತ್ತ ಏರುತ್ತ, ಅಂಚಿನ ತನಕ ಬಂದು, ಗುಳುಂ ಎಂದು ಮುಳುಗುತ್ತದೆ. ಮುಳುಗಿದರೆ ಒಂದು ಗಳಿಗೆ, ಇಪ್ಪತ್ತನಾಲ್ಕು ನಿಮಿಷ. ಹಾಗೆ ಅರವತ್ತು ಸಲ ಮುಳುಗಿದರೆ ಒಂದು ದಿನ. ಆ ಹೊತ್ತಿಗಾಗಲೇ ಪುರೋಹಿತರ ಕೈಯಲ್ಲಿ ಎಚ್‌ಎಂಟಿ ಇತ್ತು, ಬಟ್ಟಲು ಶಾಸ್ತ್ರಕ್ಕೆ ಮಾತ್ರ. ಆದರೂ ನಾವು ಹುಡುಗರು ಊಟ ಬಿಟ್ಟು ಹಂಡೆಯ ಸುತ್ತ ಕೂತಿದ್ದೆವು. "ಇದಕ್ಕೆ ಗಂಟೆ ಎಷ್ಟಾಯಿತು ಅಂತ ಹೇಗೆ ಗೊತ್ತಾಗತ್ತೆ?" ಎಂದು ಕೇಳಿದ್ದಕ್ಕೆ ಪುರೋಹಿತರು, "ಅದಕ್ಕೆ ಗೊತ್ತಾಗೂದಿಲ್ಲ ಮಾಣಿ. ಸೂರ್ಯ ಹುಟ್ಟಿದ್ದನ್ನ ನೋಡಿ ನಾವು ಬಿಡಬೇಕು. ಅದು ಎಣಿಸ್ತದೆ ಅಷ್ಟೆ" ಎಂದಿದ್ದರು. ನನ್ನ ಕಂಪ್ಯೂಟರಿನ ಹರಳೂ ಆ ಬಟ್ಟಲಿನ ಹಾಗೆಯೇ. ಎಷ್ಟು ಕಳೆಯಿತು ಎಂದು ಎಣಿಸುತ್ತದೆ. ಎಲ್ಲಿಂದ ಶುರು ಎಂದು ಯಾರಾದರೂ ಹೇಳಿಕೊಡಬೇಕು, ಮತ್ತೆ ಮತ್ತೆ ಹೇಳಿಕೊಡಬೇಕು.

ಹೇಳಿಕೊಡುವವರು ಕೊಲರಾಡೊದ ಫೋರ್ಟ್ ಕಾಲಿನ್ಸ್ ಎಂಬ ಊರಿನ ಹೊರಗಿದ್ದರು. ಡಬ್ಲ್ಯುಡಬ್ಲ್ಯುವಿ ಎಂಬ ರೇಡಿಯೊ ನಿಲಯ. ಹಾಡಿಲ್ಲ, ವಾರ್ತೆಯಿಲ್ಲ, ಜಾಹೀರಾತಿಲ್ಲ. ಹಗಲೂ ರಾತ್ರಿ ಸಮಯ ಹೇಳುವುದೊಂದೇ ಕೆಲಸ. 1920ರಿಂದ ಒಂದಲ್ಲ ಒಂದು ರೂಪದಲ್ಲಿ ಮಾತಾಡುತ್ತ ಬಂದಿದೆ. ಮೊದಲು ವಾಷಿಂಗ್ಟನ್, ಆಮೇಲೆ ಮೇರಿಲ್ಯಾಂಡ್, 1966ರಿಂದ ಕೊಲರಾಡೊ. ಶಾರ್ಟ್‌ವೇವ್‌ನಲ್ಲಿ 2.5, 5, 10, 15, 20 ಮೆಗಾಹರ್ಟ್ಸ್‌ಗಳಲ್ಲಿ ಒಟ್ಟೊಟ್ಟಿಗೆ ಬರುತ್ತದೆ. ಹಿಂದೆ ಸೀಸಿಯಂ ಗಡಿಯಾರಗಳಿವೆ. ಸೀಸಿಯಂ ಪರಮಾಣುವಿನ 9,192,631,770 ಆಂದೋಲನಗಳಿಗೆ ಒಂದು ಸೆಕೆಂಡ್ ಎಂದು 1967ರಲ್ಲಿ ಜಗತ್ತೆಲ್ಲ ಒಪ್ಪಿಕೊಂಡ ಅಳತೆ ಅದು. ಅದರ ತಂಗಿಯಂಥ ಇನ್ನೊಂದು ನಿಲಯ ಹವಾಯಿಯ ಕವಾಯಿ ದ್ವೀಪದ ಕೆಕಾಹಾದಲ್ಲಿದೆ, ಡಬ್ಲ್ಯುಡಬ್ಲ್ಯುವಿಎಚ್.

ಒಂದು ನಿಮಿಷವನ್ನು ಪೂರ್ತಿ ಕೇಳಿ ನೋಡಬೇಕು. ಸೆಕೆಂಡಿಗೊಂದು ಟಿಕ್, ಐದು ಮಿಲಿಸೆಕೆಂಡಿನಷ್ಟು ಚಿಕ್ಕದು. ಕೊಲರಾಡೊದ ಟಿಕ್ ಸಾವಿರ ಹರ್ಟ್ಸ್‌ನದು, ಹವಾಯಿಯದು ಸಾವಿರದ ಇನ್ನೂರರದು, ಸ್ವಲ್ಪ ಕೀಚಲು. ಟಿಕ್‌ಗಳ ಹಿಂದೆ ಸಮನಾದ ಒಂದು ಶ್ರುತಿ. ಇಪ್ಪತ್ತೊಂಬತ್ತನೆಯ ಟಿಕ್ ಇರುವುದಿಲ್ಲ. ಶ್ರುತಿ ನಲವತ್ತೈದನೆಯ ಸೆಕೆಂಡಿಗೆ ನಿಂತು, ನಮ್ಮ ಪಶ್ಚಿಮ ಕರಾವಳಿಯಲ್ಲಾದರೆ ಮೊದಲು ಹವಾಯಿಯ ಹೆಂಗಸಿನ ದನಿ ಬರುತ್ತದೆ: ಇಷ್ಟು ಗಂಟೆ, ಇಷ್ಟು ನಿಮಿಷ. ಆಕೆ ಮುಗಿಸಿದ ಮೇಲೆ ಕೊಲರಾಡೊದ ಗಂಡಸಿನ ದನಿ ಅದನ್ನೇ ಹೇಳುತ್ತದೆ. ಒಬ್ಬರ ಮಾತಿನ ಮೇಲೆ ಇನ್ನೊಬ್ಬರು ಮಾತಾಡದಂತೆ ಏಳೂವರೆ ಸೆಕೆಂಡುಗಳನ್ನು ಹಂಚಿಕೊಂಡಿದ್ದಾರೆ. ಐವತ್ತೊಂಬತ್ತನೆಯ ಟಿಕ್ ಕೂಡ ಇಲ್ಲ. ಆ ಖಾಲಿಯಾದ ಮೇಲೆ ಸೆಕೆಂಡಿನ ಹತ್ತರಲ್ಲಿ ಎಂಟು ಭಾಗದಷ್ಟು ಉದ್ದದ ದನಿ ಏಳುತ್ತದೆ. ಅದರ ಮೊದಲ ಅಂಚೇ ಹೊಸ ನಿಮಿಷ.

ಈ ಉದ್ದ ದನಿಯನ್ನು ಕಂಪ್ಯೂಟರಿಗೆ ಕೇಳಿಸುವುದು ನನ್ನ ಕೆಲಸ. ರೇಡಿಯೊದ ಇಯರ್‌ಫೋನ್ ತೂತಿನಿಂದ ತಂತಿ ಎಳೆದು 567 ಎಂಬ ಎಂಟು ಕಾಲಿನ ಚಿಪ್ಪಿಗೆ ಕೊಟ್ಟೆ. ಒಂದು ಪ್ರತಿರೋಧಕ, ಒಂದು ಕೆಪಾಸಿಟರ್ ಆರಿಸಿ ಹಾಕಿದರೆ ಅದು ಸಾವಿರ ಹರ್ಟ್ಸ್ ದನಿ ಬಂದಾಗ ಮಾತ್ರ ತನ್ನ ಕಾಲೊಂದನ್ನು ಕೆಳಗೆಳೆಯುತ್ತದೆ. ಆ ಕಾಲು ಕಂಪ್ಯೂಟರಿನ ಪ್ರಿಂಟರ್ ಪೋರ್ಟಿಗೆ. ಐದು ಮಿಲಿಸೆಕೆಂಡಿನ ಟಿಕ್ ಬಂದರೆ ಪ್ರೋಗ್ರಾಮು ಗಮನಿಸುವುದಿಲ್ಲ. ಅರ್ಧ ಸೆಕೆಂಡಿಗಿಂತ ಹೆಚ್ಚು ಹೊತ್ತು ದನಿ ನಿಂತರೆ ನಿಮಿಷ ಎಂದು ಗುರುತು ಹಾಕಿಕೊಂಡು, ತನ್ನ ಗಡಿಯಾರ ಎಷ್ಟು ಹಿಂದೆ ಮುಂದೆ ಇದೆ ಎಂದು ಬರೆದಿಟ್ಟು, ಸ್ವಲ್ಪ ಸ್ವಲ್ಪವೇ ಸರಿಪಡಿಸುತ್ತದೆ. ಒಮ್ಮೆಗೇ ಎಳೆದು ತಿದ್ದಬಾರದು. ಭೂಕಂಪದ ನಡುವೆ ಗಡಿಯಾರ ಹಾರಿದರೆ ಗೆರೆಯೂ ಹರಿಯುತ್ತದೆ. ಫೋರ್ಟ್ ಕಾಲಿನ್ಸ್‌ನಿಂದ ನಮ್ಮ ಮನೆಗೆ ಸುಮಾರು 1,500 ಕಿಲೋಮೀಟರ್, ಬೆಳಕಿನ ವೇಗದಲ್ಲಿ ಐದು ಮಿಲಿಸೆಕೆಂಡ್ ದಾರಿ. ಅದನ್ನೂ ಕಳೆದುಕೊಂಡೆ. ಅಷ್ಟು ಸಣ್ಣದು ಗ್ಯಾರೇಜಿನ ಲೋಲಕಕ್ಕೆ ಬೇಕಿರಲಿಲ್ಲ. ಆದರೂ ದನಿ ಎಷ್ಟು ದೂರದಿಂದ ನಡೆದು ಬಂದಿದೆ ಎಂಬುದು ಲೆಕ್ಕದಲ್ಲಿರಲಿ ಎಂದು ನನಗೆ ಆಸೆ.

ತೊಡಕು ಬಂದದ್ದು ಕಂಪ್ಯೂಟರಿನಿಂದಲೇ. ಸಮಯ ಬೇಕೆಂದು ಕೇಳುತ್ತಿದ್ದ ಯಂತ್ರವೇ ಶಾರ್ಟ್‌ವೇವ್ ತುಂಬ ಗರಗರ ಸದ್ದು ಚೆಲ್ಲುತ್ತಿತ್ತು, ಅದರ ಮಾನಿಟರ್ ಅಂತೂ ಇನ್ನೂ ಹೆಚ್ಚು. ರೇಡಿಯೊವನ್ನು ಗ್ಯಾರೇಜಿನ ಆಚೆ ಗೋಡೆಗೆ ಸರಿಸಿ, ಏರಿಯಲ್ ತಂತಿಯನ್ನು ಹಿತ್ತಿಲ ತುದಿಯ ನಿಂಬೆ ಮರದಿಂದ ಬೇಲಿಯವರೆಗೆ ಕಟ್ಟಿದೆ. ಆಮೇಲೆ ಸೂರ್ಯನೊಡನೆ ಹೊಂದಿಕೊಳ್ಳುವುದನ್ನು ಕಲಿಯಬೇಕಾಯಿತು. ಶಾರ್ಟ್‌ವೇವ್ ನಮ್ಮ ತಲೆಯ ಮೇಲಿನ ಅಯಾನುಗೋಳಕ್ಕೆ ತಾಗಿ ಮರಳಿ ನೆಲಕ್ಕೆ ಬೀಳುವುದರಿಂದ ಇಷ್ಟು ದೂರ ಬರುತ್ತದೆ. ಹಗಲಲ್ಲಿ ಆ ಗೋಳದ ಕೆಳಪದರ ಕಡಿಮೆ ಆವರ್ತನದ ಅಲೆಗಳನ್ನು ನುಂಗಿಬಿಡುತ್ತದೆ. ಆಗ 10 ಇಲ್ಲವೇ 15 ಮೆಗಾಹರ್ಟ್ಸ್ ಹಿಡಿಯಬೇಕು. ಸೂರ್ಯ ಮುಳುಗಿದ ಮೇಲೆ ಆ ಪದರ ಕರಗಿ 5 ಮೆಗಾಹರ್ಟ್ಸ್ ಚೆನ್ನಾಗಿ ಕೇಳಿಸುತ್ತದೆ. ಸಂಧಿಕಾಲದಲ್ಲಿ ಹವಾಯಿ ಮೇಲಾಗಿ ಕೊಲರಾಡೊ ಅಡಗುವುದೂ ಉಂಟು. 2001ರ ಏಪ್ರಿಲ್ 2ರ ಸಂಜೆ ಆಫೀಸಿನಿಂದ ಬಂದು ನೋಡಿದರೆ ಮಧ್ಯಾಹ್ನ ಮೂರು ಗಂಟೆಯ ಆಸುಪಾಸು ನಿಮಿಷದ ಗುರುತುಗಳೇ ಇರಲಿಲ್ಲ. ತಂತಿ ಕಡಿದಿದೆಯೋ ಎಂದು ಹಿತ್ತಿಲಿಗೆ ಓಡಿದೆ. ತಂತಿ ಸರಿಯಾಗಿತ್ತು. ಪ್ರತಿ ಗಂಟೆಯ ಹದಿನೆಂಟನೆಯ ನಿಮಿಷದಲ್ಲಿ ಡಬ್ಲ್ಯುಡಬ್ಲ್ಯುವಿ ಸೂರ್ಯನ ಸ್ಥಿತಿಗತಿಯನ್ನೂ ಹೇಳುತ್ತದೆ. ಕಾದು ಕೇಳಿದಾಗ ತಿಳಿಯಿತು: ಸೂರ್ಯನಲ್ಲಿ ಭಾರಿ ಜ್ವಾಲೆ ಎದ್ದಿತ್ತು. ಎಕ್ಸ್ 20 ಎಂದು ಲೆಕ್ಕ ಹಾಕಿದ, ಅಳತೆಗೆ ಸಿಕ್ಕ ಜ್ವಾಲೆಗಳಲ್ಲೇ ದೊಡ್ಡವುಗಳಲ್ಲಿ ಒಂದು. ನೆಲದ ನಡುಕ ಬರೆಯಲೆಂದು ಇಟ್ಟ ಯಂತ್ರದ ಕಡತದಲ್ಲಿ ಆ ದಿನ ಸೂರ್ಯ ತನ್ನ ಸುದ್ದಿಯನ್ನು ಖಾಲಿ ಜಾಗವಾಗಿ ಬರೆದು ಹೋಗಿದ್ದ.

ಇದೇ ನಿಲಯ ಹೆಚ್ಚುಕಡಿಮೆ ಗಂಟೆಗೊಮ್ಮೆ, ಗಂಟೆಯಾಗಿ ಎರಡನೆಯ ನಿಮಿಷದಲ್ಲಿ, 440 ಹರ್ಟ್ಸ್‌ನ ಶ್ರುತಿಯನ್ನೂ ಕೊಡುತ್ತಿತ್ತು. ಪಾಶ್ಚಾತ್ಯ ಸಂಗೀತದವರು ವಾದ್ಯ ಕೂಡಿಸುವ ಶ್ರುತಿ ಅದು. ಮಗಳು ಸ್ಕೂಲಿನಲ್ಲಿ ಪಿಟೀಲು ಕಲಿಯುತ್ತಿದ್ದಳು. ಗಂಟೆಯಾಗಿ ಎರಡನೆಯ ನಿಮಿಷಕ್ಕೆ ಸರಿಯಾಗಿ ಗ್ಯಾರೇಜಿಗೆ ಬಂದು, ಲೋಲಕದ ಪೆಟ್ಟಿಗೆ ಅಲುಗದಂತೆ ದೂರ ನಿಂತು, ಎರಡನೆಯ ತಂತಿಯನ್ನು ರೇಡಿಯೊಗೆ ಕೂಡಿಸಿಕೊಂಡು ಹೋಗುತ್ತಿದ್ದಳು.

ನಮ್ಮಪ್ಪ ರೇಡಿಯೊದಿಂದ ಸಮಯ ತೆಗೆದುಕೊಳ್ಳುತ್ತಿದ್ದ ರೀತಿ ಬೇರೆ. ಆಕಾಶವಾಣಿಯಲ್ಲಿ ವಾರ್ತೆಗೆ ಮುಂಚೆ ಪೀಂ ಪೀಂ ಎಂದು ಬರುತ್ತಿತ್ತಲ್ಲ, ಅದಕ್ಕೆ ಮೊದಲೇ ಅವರು ಸ್ಟೂಲಿನ ಮೇಲೆ ಹತ್ತಿ ಗೋಡೆ ಗಡಿಯಾರದ ಬಾಗಿಲು ತೆಗೆದು, ಮುಳ್ಳಿನ ಮೇಲೆ ಬೆರಳಿಟ್ಟು ನಿಂತಿರುತ್ತಿದ್ದರು. ಆ ಹೊತ್ತಿನಲ್ಲಿ ಮನೆಯಲ್ಲಿ ಯಾರೂ ಮಾತಾಡುವ ಹಾಗಿರಲಿಲ್ಲ. ಕೊನೆಯ ಪೀಂಗೆ ಮುಳ್ಳು ಬಿಟ್ಟು, ಕೆಳಗಿಳಿದು, ಆಮೇಲೆ ಕೈಗಡಿಯಾರಕ್ಕೆ ಕೀ ಕೊಡುವುದು. ಶಾಖಾ ಅಂಚೆ ಕಚೇರಿಯ ಕೆಲಸ ಅವರದು. ಮಧ್ಯಾಹ್ನದ ಬಸ್ಸಿಗೆ ಟಪ್ಪಾಲು ಚೀಲ ಕಟ್ಟಿ ಕೊಡಬೇಕು. ಊರಿನಲ್ಲಿ ಯಾರಿಗೇ ಗಂಟೆ ಬೇಕಿದ್ದರೂ ನಮ್ಮ ಮನೆಯ ಜಗಲಿಗೆ ಬರುತ್ತಿದ್ದರು. ದೆಹಲಿಯಿಂದಲೋ ಬೆಂಗಳೂರಿನಿಂದಲೋ ಹೊರಟ ಒಂದು ಸೆಕೆಂಡು ಅಪ್ಪನ ಬೆರಳಿನಿಂದ ಗೋಡೆಗೆ, ಗೋಡೆಯಿಂದ ಶಾನುಭೋಗರ ಮನೆಗೆ, ಅಲ್ಲಿಂದ ದೇವಸ್ಥಾನದ ಗಂಟೆಗೆ ಹೋಗುತ್ತಿತ್ತು. ಗ್ಯಾರೇಜಿನಲ್ಲಿ ನಾನು ಬೆಸುಗೆ ಹಾಕಿ ಮಾಡಿದ ಏರ್ಪಾಡಿನಲ್ಲಿ ಅಪ್ಪನ ಬೆರಳಿನ ಕೆಲಸ ಚಿಪ್ಪಿಗೆ ಬಂದಿತ್ತು.

ಅಪ್ಪ ಹೋದ ಮೇಲೆ ಅಮ್ಮ ಫೋನಿನಲ್ಲಿ ಮೊದಲು ಕೇಳುತ್ತಿದ್ದದ್ದೇ "ಅಲ್ಲೀಗ ಎಷ್ಟ್ ಗಂಟೆ ಮಾರಾಯ?" ಎಂದು. ಹೊರದೇಶದಲ್ಲಿರುವ ಮಕ್ಕಳ ತಾಯಂದಿರೆಲ್ಲ ಇದನ್ನೇ ಕೇಳುತ್ತಾರೆ. ಚಳಿಗಾಲದಲ್ಲಿ ಹದಿಮೂರೂವರೆ ಗಂಟೆ ವ್ಯತ್ಯಾಸ, ಬೇಸಿಗೆಯಲ್ಲಿ ಹನ್ನೆರಡೂವರೆ. ಎಷ್ಟು ಸಲ ಹೇಳಿದರೂ ಅಮ್ಮ ಮತ್ತೆ ಕೇಳುತ್ತಿದ್ದರು. ಉತ್ತರ ಬಂದ ಮೇಲೆ "ಹಂಗಾರೆ ಊಟ ಆಯ್ತಾ?" ಎಂದೋ "ಇನ್ನೂ ಮಲಗ್ಲಿಲ್ವಾ?" ಎಂದೋ ಮಾತು ಮುಂದುವರಿಸುತ್ತಿದ್ದರು. ನಾನು ಯಾವ ಹೊತ್ತಿನಲ್ಲಿದ್ದೇನೆ ಎಂದು ಗೊತ್ತಾಗದೆ ಅವರಿಗೆ ಮಾತು ಹೊರಡುತ್ತಿರಲಿಲ್ಲ. ರೇಡಿಯೊದಲ್ಲಿ ಬರುವ ಟಿಕ್‌ಗೆ ಮಾತ್ರ ಈ ತೊಂದರೆಯಿಲ್ಲ. ಗಂಟೆ ಊರೂರಿಗೆ ಬೇರೆಯಾದರೂ, ನಮ್ಮ ದೇಶದ ಗಡಿಯಾರಕ್ಕೆ ಅರ್ಧ ಗಂಟೆ ಹೆಚ್ಚಿದ್ದರೂ, ಸೆಕೆಂಡ್ ಮುಳ್ಳು ಎಲ್ಲ ಕಡೆಯೂ ಒಂದೇ ಜಾಗದಲ್ಲಿರುತ್ತದೆ. ರಜೆಗೆ ಊರಿಗೆ ಹೋದಾಗ ಅಪ್ಪನ ಹಳೆ ಟ್ರಾನ್ಸಿಸ್ಟರ್‌ನಲ್ಲಿ 10 ಮೆಗಾಹರ್ಟ್ಸ್ ತಿರುಗಿಸಿ ದೆಹಲಿಯ ನ್ಯಾಷನಲ್ ಫಿಸಿಕಲ್ ಲ್ಯಾಬೊರೇಟರಿಯ ಎಟಿಎ ನಿಲಯದ ಟಿಕ್ ಕೇಳಿದ್ದೇನೆ. ಅದೂ ಕೊಲರಾಡೊದ ಟಿಕ್ಕೂ ಹೇಳುವುದು ಒಂದೇ ಸೆಕೆಂಡನ್ನು.

2001ರ ಜನವರಿ 25, ಗುರುವಾರ. ರಾತ್ರಿ ಊಟ ಮುಗಿಸಿ ಎಂಟೂಕಾಲರ ಹೊತ್ತಿಗೆ ಗ್ಯಾರೇಜಿಗೆ ಹೋದರೆ ಮಾನಿಟರ್‌ನಲ್ಲಿ ಗೆರೆ ಮೇಲಂಚಿನಿಂದ ಕೆಳಂಚಿಗೆ ತೂಗುತ್ತಿತ್ತು, ಒಂದೊಂದು ಅಲೆಯೂ ಇಪ್ಪತ್ತು ಸೆಕೆಂಡಿನಷ್ಟು ಉದ್ದ. ನಿಂತ ನೆಲದಲ್ಲಿ ಏನೂ ಗೊತ್ತಾಗುತ್ತಿರಲಿಲ್ಲ. ಇಷ್ಟು ನಿಧಾನದ, ಇಷ್ಟು ದೊಡ್ಡ ಅಲೆ ಎಂದರೆ ಬಹಳ ದೂರದ, ಬಹಳ ದೊಡ್ಡ ಭೂಕಂಪ. ಕಡತವನ್ನು ಹಿಂದೆ ಸರಿಸಿ ನೋಡಿದೆ. ಏಳು ಗಂಟೆ ಮೂವತ್ತೇಳು ನಿಮಿಷದ ಹತ್ತಿರ ಮೊದಲ ಸಣ್ಣ ನಡುಕ, ಆಮೇಲೆ ಇನ್ನಷ್ಟು, ಕೊನೆಗೆ ಈ ಮಹಾ ಅಲೆಗಳು. ಅಮೆರಿಕದ ಭೂವಿಜ್ಞಾನ ಸಮೀಕ್ಷೆಯ ಪುಟ ತೆರೆಯಲು ಫೋನ್ ಲೈನಿಗೆ ಮೋಡೆಮ್ ಜೋಡಿಸಿದೆ. ಗ್ರೀನಿಚ್ ಲೆಕ್ಕದಲ್ಲಿ 03:16, ಪಶ್ಚಿಮ ಭಾರತ, ಗುಜರಾತ್.

ನಮ್ಮ ಸಂಜೆ ಏಳು ಹದಿನಾರು ಎಂದರೆ ಅಲ್ಲಿ ಗಣರಾಜ್ಯೋತ್ಸವದ ಬೆಳಿಗ್ಗೆ ಎಂಟು ನಲವತ್ತಾರು. ಭುಜ್‌ನಿಂದ ಸ್ಯಾನ್ ಹೋಸೆಗೆ ಸುಮಾರು 13,100 ಕಿಲೋಮೀಟರ್. ಅಷ್ಟು ದೂರಕ್ಕೆ ನೇರ ಪಿ ಅಲೆ ತಲುಪುವುದಿಲ್ಲ. ಭೂಮಿಯ ದ್ರವ ಗರ್ಭ ಅದನ್ನು ಬಗ್ಗಿಸಿ ಒಂದು ನೆರಳಿನ ಪಟ್ಟಿ ಮಾಡುತ್ತದೆ, ನಮ್ಮ ಮನೆ ಆ ನೆರಳಿನೊಳಗಿತ್ತು. 1936ರಲ್ಲಿ ಡೆನ್ಮಾರ್ಕಿನ ಇಂಗೆ ಲೇಮನ್ ಎಂಬಾಕೆ (ಲೋಲಕದ ಲೇಮನ್ ಬೇರೆ) ಭೂಮಿಯ ದ್ರವ ಗರ್ಭದೊಳಗೆ ಇನ್ನೊಂದು ಗಟ್ಟಿ ತಿರುಳಿದೆ ಎಂದು ಹೇಳಿದ್ದು ಇದೇ ನೆರಳಿನಲ್ಲಿ ಕಾಣಬಾರದಿದ್ದ ಸಣ್ಣ ಅಲೆಗಳು ಬಂದ ಹೊತ್ತನ್ನು ನೋಡಿ. ಬೇರೆ ಬೇರೆ ದೇಶಗಳ ನಿಲಯಗಳ ಗಡಿಯಾರಗಳನ್ನು ನಂಬಿ ಆಕೆ ಅಷ್ಟು ದೊಡ್ಡ ಮಾತು ಹೇಳಿದ್ದು. ನನಗೆ ಕಂಡ ಮೊದಲ ನಡುಕ ಭುಜ್‌ನಿಂದ ಉತ್ತರಕ್ಕೆ ಹೊರಟು, ಸೈಬೀರಿಯಾ ಆಚೆಯ ಆರ್ಕ್ಟಿಕ್ ಸಾಗರದ ತಳಕ್ಕೆ ಒಮ್ಮೆ ತಾಗಿ, ಮತ್ತೆ ಒಳಗಿಳಿದು ಇಪ್ಪತ್ತು ನಿಮಿಷಕ್ಕೆ ಬಂದದ್ದು. ದೊಡ್ಡ ಅಲೆಗಳು ನೆಲದ ಮೇಲ್ಮೈ ಹಿಡಿದು ಒಂದು ಗಂಟೆಯ ಹತ್ತಿರ ನಡೆದು ಬಂದಿದ್ದವು. ನಿಮಿಷದ ಗುರುತುಗಳು ಒಂದೂ ತಪ್ಪದೆ ಕೆಳಗೆ ಸಾಲಾಗಿ ನಿಂತಿದ್ದವು.

ಊರಿಗೆ ಫೋನ್ ಸಿಕ್ಕಿತು. "ಅಲ್ಲೀಗ ಎಷ್ಟ್ ಗಂಟೆ? ಈ ಹೊತ್ತಲ್ಲಿ ಎಂತಕ್ಕೆ ಫೋನು?" ಎಂದರು ಅಮ್ಮ ಗಾಬರಿಯಿಂದ.

"ಅಲ್ಲಿ ಏನಾದ್ರೂ ಅಲುಗಾಡಿತಾ ಅಮ್ಮ?"

"ಇಲ್ಲೆಂತದ್ದೂ ಇಲ್ಲ. ಟಿವೀಲಿ ಪರೇಡ್ ನೋಡ್ತಾ ಇದ್ದೆ. ಎಂತ ಆಯ್ತು?"

ಹೇಳಿದೆ. ಅಮ್ಮನಿಗಿನ್ನೂ ಸುದ್ದಿ ಮುಟ್ಟಿರಲಿಲ್ಲ. "ನಿಂಗೆ ಅಲ್ಲಿ ಹ್ಯಾಂಗೆ ಗೊತ್ತಾಯ್ತು?" ಎಂದರು. ಗ್ಯಾರೇಜಿನ ಯಂತ್ರದಲ್ಲಿ ಬಂತು ಎಂದೆ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ಪಾಪ, ಮಕ್ಕಳು ಶಾಲೇಲಿ ಧ್ವಜ ಹಾರಿಸಕ್ಕೆ ಹೋಗಿರ್ತಿದ್ವು" ಎಂದರು. ಆಮೇಲಿನ ದಿನಗಳಲ್ಲಿ ಸತ್ತವರ ಲೆಕ್ಕ ಏರುತ್ತ ಏರುತ್ತ ಇಪ್ಪತ್ತು ಸಾವಿರದ ಹತ್ತಿರ ಹೋಯಿತು. ಅಂಜಾರ್‌ನಲ್ಲಿ ಮೆರವಣಿಗೆ ಹೊರಟಿದ್ದ ಶಾಲಾಮಕ್ಕಳ ಮೇಲೆ ಬೀದಿಯ ಎರಡೂ ಕಡೆಯ ಮನೆಗಳು ಕುಸಿದಿದ್ದವೆಂದು ಓದಿದೆ. ಆ ರಾತ್ರಿಯ ಕಡತವನ್ನು ಬೇರೆ ಡಿಸ್ಕಿಗೆ ಹಾಕಿ ಇಟ್ಟಿದ್ದೇನೆ. ಅದರಲ್ಲಿರುವುದು ಬರೀ ಒಂದು ಗೆರೆ. ಆದರೆ ಅದರ ಅಡಿಯ ನಿಮಿಷಗಳು ನಿಜವಾಗಿರುವುದರಿಂದ ಅದು ಭುಜ್‌ನ ಗೆರೆ. ಗುರುತು ಸರಿಯಿಲ್ಲದಿದ್ದರೆ ಎಲ್ಲಿಯದೋ ಯಾವಾಗಿನದೋ ನಡುಕ ಎನಿಸಿಕೊಳ್ಳುತ್ತಿತ್ತು. ಅಷ್ಟು ಜನರ ಬೆಳಗನ್ನು ದಾಖಲಿಸಿದ ಮೇಲೆ ಹೊತ್ತು ತಪ್ಪಿ ಬರೆಯಬಾರದು ಎಂದು ಆಗಿನಿಂದ ಇನ್ನಷ್ಟು ಗಟ್ಟಿಯಾಗಿ ಅನಿಸಿದೆ.

ಅದಕ್ಕೆ ಎರಡು ವರ್ಷ ಮುಂಚೆ, 1998ರ ಕೊನೆಯ ದಿನ, ಮಗಳೂ ನಾನೂ ರೇಡಿಯೊ ಮುಂದೆ ಕೂತು ಒಂದು ಹೆಚ್ಚುವರಿ ಸೆಕೆಂಡನ್ನು ಕೇಳಿದ್ದೆವು. ಭೂಮಿ ತಿರುಗುವುದು ಪರಮಾಣು ಗಡಿಯಾರದಷ್ಟು ಸಮನಲ್ಲ. ಆದ್ದರಿಂದ 1972ರಿಂದ ಆಗಾಗ ಒಂದು ಅಧಿಕ ಸೆಕೆಂಡ್ ಸೇರಿಸುತ್ತ ಬಂದಿದ್ದಾರೆ. 2016ರ ಕೊನೆಯವರೆಗೆ ಒಟ್ಟು 27. ನಮ್ಮ ಪಂಚಾಂಗದವರು ಅಧಿಕ ಮಾಸ ಹಾಕಿ ಚಂದ್ರನನ್ನೂ ಸೂರ್ಯನನ್ನೂ ಜೊತೆಗೆ ತರುವವರು, ಅವರಿಗೆ ಇದು ಹೊಸದೆನಿಸದು. ಗ್ರೀನಿಚ್ ಮಧ್ಯರಾತ್ರಿಗೆ ಸೇರಿಸುವುದರಿಂದ ನಮ್ಮ ಕ್ಯಾಲಿಫೋರ್ನಿಯಾದಲ್ಲಿ ಆಗ ಸಂಜೆ ನಾಲ್ಕು ಗಂಟೆ, ತೀರ್ಥಹಳ್ಳಿಯಲ್ಲಿ ಹೊಸ ವರ್ಷದ ಬೆಳಗಿನ ಜಾವ ಐದೂವರೆ. ಮಗಳು ಬೆರಳು ಮಡಿಸುತ್ತ ಎಣಿಸಿದಳು. ಆ ನಿಮಿಷ ಅರವತ್ತೊಂದು ಸೆಕೆಂಡಿನದು. ಉದ್ದ ದನಿ ಒಂದು ಸೆಕೆಂಡ್ ತಡವಾಗಿ ಬಂತು. ನನ್ನ ಪ್ರೋಗ್ರಾಮು ತಾನು ಒಂದು ಸೆಕೆಂಡ್ ಮುಂದೆ ಹೋಗಿದ್ದೇನೆ ಎಂದು ಬರೆದುಕೊಂಡಿತು. "ಅಜ್ಜಿ ಈ ಸೆಕೆಂಡ್ ನಿದ್ದೆ ಮಾಡಿದ್ರಾ ಎದ್ದಿದ್ರಾ?" ಎಂದು ಮಗಳು ಕೇಳಿದಳು. ಅಜ್ಜಿ ಆ ಹೊತ್ತಿಗೆ ಎದ್ದು ಬಚ್ಚಲೊಲೆಗೆ ಬೆಂಕಿ ಹಾಕುತ್ತಿರುತ್ತಾರೆ ಎಂದೆ. ಈ ಅಧಿಕ ಸೆಕೆಂಡಿನ ಏರ್ಪಾಡನ್ನೇ 2035ರೊಳಗೆ ಬದಲಿಸಬೇಕೆಂದು 2022ರಲ್ಲಿ ದೇಶಗಳೆಲ್ಲ ಸೇರಿ ನಿರ್ಣಯ ಮಾಡಿವೆ. ಕಂಪ್ಯೂಟರುಗಳಿಗೆ ಅದರಿಂದ ತೊಂದರೆ ಎಂಬುದು ನಿಜ. ನನಗಂತೂ ಅದು ಹೋಗುವುದು ಬೇಡವಾಗಿತ್ತು.

ಆಮೇಲೆ ಜಿಪಿಎಸ್ ಅಗ್ಗವಾಯಿತು. ಬೆಂಕಿಪೊಟ್ಟಣದಷ್ಟು ಪೆಟ್ಟಿಗೆ ಕಿಟಕಿಯಲ್ಲಿಟ್ಟರೆ ಸೆಕೆಂಡಿಗೊಂದು ನಾಡಿ, ಮಿಲಿಸೆಕೆಂಡಿನ ಸಾವಿರದಲ್ಲೊಂದು ಭಾಗದಷ್ಟು ನಿಖರ. ನಮ್ಮ ಗುಂಪಿನವರೆಲ್ಲ ಬದಲಾದರು, ನಾನೂ ಬದಲಾದೆ. ರೇಡಿಯೊವನ್ನು ಮಾತ್ರ ಆರಿಸಲಿಲ್ಲ. 2018ರಲ್ಲಿ ಅಮೆರಿಕ ಸರ್ಕಾರದ ಮುಂದಿನ ವರ್ಷದ ಬಜೆಟ್ ಪ್ರಸ್ತಾವದಲ್ಲಿ ಕೊಲರಾಡೊ, ಹವಾಯಿ ಎರಡೂ ನಿಲಯಗಳನ್ನು ಮುಚ್ಚುವ ಮಾತು ಬಂದಾಗ ಹವ್ಯಾಸಿ ರೇಡಿಯೊದವರು ಗಟ್ಟಿಯಾಗಿ ಕೂಗಿದರು. ನಾನೂ ಪತ್ರ ಬರೆದೆ. ನಿಲಯಗಳು ಉಳಿದವು, ಮರುವರ್ಷ ಅಕ್ಟೋಬರ್ 1ಕ್ಕೆ ಡಬ್ಲ್ಯುಡಬ್ಲ್ಯುವಿ ಎಂಬ ಹೆಸರು ಸಿಕ್ಕ ನೂರನೆಯ ವರ್ಷವನ್ನೂ ಆಚರಿಸಿದರು. ಉಪಗ್ರಹದ ಸಮಯ ಹೆಚ್ಚು ನಿಖರ, ಒಪ್ಪಿದೆ. ಆದರೆ ಅದನ್ನು ಕಿವಿಯಿಂದ ಕೇಳಲಾಗುವುದಿಲ್ಲ. ಒಂದು ಸಾಧಾರಣ ರೇಡಿಯೊ, ಒಂದು ತುಂಡು ತಂತಿ ಇದ್ದವನೂ ದೇಶದ ಅತ್ಯುತ್ತಮ ಗಡಿಯಾರದ ಮುಂದೆ ಹೋಗಿ ಕೂರಬಹುದು, ಯಾರನ್ನೂ ಕೇಳದೆ, ಯಾರಿಗೂ ಕಾಸು ಕೊಡದೆ. ಇಂಥ ಸಾರ್ವಜನಿಕ ಸೇವೆಗಳು ಬಹಳ ಉಳಿದಿಲ್ಲ. ಅದನ್ನು ಮುಚ್ಚುವುದು ಊರ ಬಾವಿ ಮುಚ್ಚಿದಷ್ಟೇ ತಪ್ಪು ಎಂದು ಪತ್ರದಲ್ಲೂ ಬರೆದಿದ್ದೆ.

ಕರ್ನಾಟಕದಲ್ಲಿ ಕೂತು ಕೇಳುವ ಆಸೆಯಿರುವವರಿಗೆ ಕೊಲರಾಡೊ ದೂರವಾಯಿತು. ಅದಕ್ಕಿಂತ ಹತ್ತಿರದ್ದು ಚೀನಾದ ಬಿಪಿಎಂ, ಶಾಂಕ್ಸಿ ಪ್ರಾಂತ್ಯದ ಪುಚೆಂಗ್‌ನಿಂದ 2.5, 5, 10, 15 ಮೆಗಾಹರ್ಟ್ಸ್‌ಗಳಲ್ಲಿ ಬರುತ್ತದೆ. ಕತ್ತಲಾದ ಮೇಲೆ ಎಲ್‌ಇಡಿ ದೀಪ, ಮೊಬೈಲ್ ಚಾರ್ಜರ್‌ಗಳಿಂದ ದೂರ, ತಾರಸಿ ಮೇಲೆ ಇಲ್ಲವೇ ಅಂಗಳದಲ್ಲಿ ಶಾರ್ಟ್‌ವೇವ್ ರೇಡಿಯೊ ಇಟ್ಟು ಮೊದಲು 10, ಸಿಗದಿದ್ದರೆ 5 ತಿರುಗಿಸಿ ನೋಡಿ. ಇಪ್ಪತ್ತೊಂಬತ್ತು ಮತ್ತು ಐವತ್ತೊಂಬತ್ತನೆಯ ನಿಮಿಷಗಳಲ್ಲಿ ಮೋರ್ಸ್ ಸಂಕೇತವೂ ಚೀನೀ ಭಾಷೆಯ ಹೆಣ್ಣು ದನಿಯೂ ಬಂದರೆ ಅದೇ. ಇಪ್ಪತ್ತೈದರಿಂದ ಇಪ್ಪತ್ತೊಂಬತ್ತು, ಐವತ್ತೈದರಿಂದ ಐವತ್ತೊಂಬತ್ತು, ಈ ನಿಮಿಷಗಳಲ್ಲಿ ಮಾತ್ರ ಗಡಿಯಾರ ಕೂಡಿಸಿಕೊಳ್ಳಬೇಡಿ. ಆಗ ಅವರು ಪರಮಾಣುವಿನ ಸಮಯ ಬಿಟ್ಟು ಭೂಮಿಯ ತಿರುಗುವಿಕೆಯ ಸಮಯ ಹೇಳುತ್ತಿರುತ್ತಾರೆ, ಟಿಕ್‌ಗಳೂ ಉದ್ದವಾಗಿರುತ್ತವೆ. ಉಳಿದಂತೆ ಧಾರಾಳವಾಗಿ ನಂಬಬಹುದು. ಇನ್ನೊಂದು ವಿಷಯ: ಬಿಪಿಎಂನವರು ಪ್ರತಿ ಟಿಕ್ಕನ್ನೂ 20 ಮಿಲಿಸೆಕೆಂಡ್ ಮುಂಚೆಯೇ ಕಳಿಸುತ್ತಾರೆ, ದೂರದ ದಾರಿಯಲ್ಲಿ ಅಷ್ಟು ಹೊತ್ತು ಹಿಡಿಯಬಹುದೆಂದು. ಪುಚೆಂಗ್‌ನಿಂದ ಬೆಂಗಳೂರಿಗೆ ಸುಮಾರು 4,000 ಕಿಲೋಮೀಟರ್, 14 ಮಿಲಿಸೆಕೆಂಡಿನ ಹತ್ತಿರ. ಹಾಗಾಗಿ ನಿಮ್ಮ ಅಂಗಳಕ್ಕೆ ಆ ಟಿಕ್ ನಿಜವಾದ ಸೆಕೆಂಡಿಗಿಂತ ಆರು ಮಿಲಿಸೆಕೆಂಡ್ ಮೊದಲು ಬರುತ್ತದೆ. ಯಂತ್ರ ಕಟ್ಟುವವರು ಅಷ್ಟನ್ನು ಕೂಡಿಸಿಕೊಂಡರೆ ಸಾಕು.